ಹೆಸರೇ ಕೇಳದ ವಿನೈಲ್ ರೆಕಾರ್ಡನ್ನು ಮಾರುವುದು ಹೇಗೆ?

ಸಂಗ್ರಹದಲ್ಲಿ ಒಂದು ರೆಕಾರ್ಡ್ ಇದೆ. ಹಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ, ಅಂತರ್ಜಾಲದಲ್ಲಿ ಹುಡುಕಿದರೆ ಬೆಲೆಯೂ ಸಿಗುವುದಿಲ್ಲ. ಇದನ್ನು ಎಷ್ಟಕ್ಕೆ ಮಾರಬೇಕು, ಯಾರಿಗೆ ಮಾರಬೇಕು? ಈ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಚುಟುಕಾಗಿ ಉತ್ತರಿಸುವ ಬದಲು ಇಡೀ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆದಿದ್ದೇನೆ.

ಪ್ರಸಿದ್ಧ ರೆಕಾರ್ಡನ್ನು ಮಾರುವುದು ಸುಲಭ. ಅದರ ಬೆಲೆ ಎಲ್ಲರಿಗೂ ಗೊತ್ತಿರುತ್ತದೆ. ನೀವು ಅರೆಬರೆ ವಿವರ ಕೊಟ್ಟರೂ ಕೊಳ್ಳುವವರು ಉಳಿದದ್ದನ್ನು ತಾವೇ ತಿಳಿದುಕೊಳ್ಳುತ್ತಾರೆ. ಹೆಸರಿಲ್ಲದ ರೆಕಾರ್ಡಿನ ವಿಷಯ ಹಾಗಲ್ಲ. ಅದು ಬೇಕೆನ್ನುವವರು ಜಗತ್ತಿನಲ್ಲೆಲ್ಲ ಬೆರಳೆಣಿಕೆಯಷ್ಟು ಮಂದಿ ಇರಬಹುದು, ಮತ್ತು ಅವರಿಗೆ ಆ ಪ್ರತಿಯ ಬಗ್ಗೆ ಸಿಗುವ ಮಾಹಿತಿ ನೀವು ಬರೆದಷ್ಟೇ. ಹಾಗಾಗಿ ಇಲ್ಲಿ ಮಾರಾಟ ನಿಂತಿರುವುದು ವ್ಯಾಪಾರದ ಜಾಣತನದ ಮೇಲಲ್ಲ. ಕೈಯಲ್ಲಿರುವುದು ಏನು ಎಂದು ನಿಖರವಾಗಿ ಹೇಳುವುದರ ಮೇಲೆ. ಕೆಲಸದ ಮುಕ್ಕಾಲು ಪಾಲು ಮಾರಾಟಕ್ಕಿಡುವ ಮೊದಲೇ ಮುಗಿಯಬೇಕು.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಪ್ರಖರವಾದ ಮೇಜಿನ ದೀಪ, ಒಂದು ಭೂತಗನ್ನಡಿ, ಮೊಬೈಲ್ ಕ್ಯಾಮೆರಾ, ಸೂಜಿ ಸವೆಯದ ಟರ್ನ್‌ಟೇಬಲ್, ಧೂಳು ತೆಗೆಯುವ ಕಾರ್ಬನ್ ಫೈಬರ್ ಬ್ರಷ್, ಹೊಸ ಒಳಚೀಲ ಮತ್ತು ಹೊರಚೀಲ, ಗಟ್ಟಿ ರಟ್ಟು, ತೂಕದ ಯಂತ್ರ ಇಷ್ಟಿದ್ದರೆ ಸಾಕು. ಟರ್ನ್‌ಟೇಬಲ್ ಇಲ್ಲದಿದ್ದರೆ ಇರುವವರ ಬಳಿ ಒಂದು ಸಂಜೆಯ ಮಟ್ಟಿಗೆ ಕೇಳಿ ಪಡೆಯಿರಿ. ಅಗ್ಗದ, ಭಾರವಾದ ಸೂಜಿಯ ಯಂತ್ರದಲ್ಲಿ ಮಾತ್ರ ನುಡಿಸಬೇಡಿ. ಅದು ರೆಕಾರ್ಡಿನ ಗುಣವನ್ನು ತಪ್ಪಾಗಿ ತೋರಿಸುತ್ತದೆ, ಜೊತೆಗೆ ರೆಕಾರ್ಡನ್ನೂ ಸವೆಸುತ್ತದೆ.

1. ಯಾವ ಮುದ್ರಣ ಎಂದು ಗುರುತಿಸಿ

ಒಂದೇ ರೆಕಾರ್ಡ್ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಕಾರ್ಖಾನೆಗಳಲ್ಲಿ ತಯಾರಾಗಿರಬಹುದು. ಇಂಥ ಒಂದೊಂದು ಆವೃತ್ತಿಯನ್ನೂ ಸಂಗ್ರಾಹಕರು ‘ಪ್ರೆಸಿಂಗ್’ ಎನ್ನುತ್ತಾರೆ. ಕವರ್ ಒಂದೇ ರೀತಿ ಕಂಡರೂ ಪ್ರೆಸಿಂಗ್ ಬೇರೆಯಾದರೆ ಬೆಲೆ ಹಲವು ಪಟ್ಟು ವ್ಯತ್ಯಾಸವಾಗಬಹುದು. ಆದ್ದರಿಂದ ಕವರಿನ ಮುಖಪುಟ ನೋಡಿ ‘ಇದೇ ಅದು’ ಎಂದು ತೀರ್ಮಾನಿಸಬೇಡಿ.

ಮೊದಲು ಕವರಿನ ಬೆನ್ನು ಮತ್ತು ಲೇಬಲ್ (ತಟ್ಟೆಯ ನಡುವೆ ಅಂಟಿಸಿದ ದುಂಡು ಕಾಗದ) ಎರಡರಲ್ಲೂ ಇರುವ ಕ್ಯಾಟಲಾಗ್ ಸಂಖ್ಯೆಯನ್ನು, ಎಂದರೆ ಕಂಪನಿ ಆ ರೆಕಾರ್ಡಿಗೆ ಕೊಟ್ಟ ಸಂಖ್ಯೆಯನ್ನು ಬರೆದುಕೊಳ್ಳಿ. ಎರಡೂ ಒಂದೇ ಆಗಿವೆಯೇ ಎಂದು ಪರೀಕ್ಷಿಸಿ. ಹಳೆಯ ಸಂಗ್ರಹಗಳಲ್ಲಿ ಒಂದರ ಕವರಿನೊಳಗೆ ಇನ್ನೊಂದರ ತಟ್ಟೆ ಸೇರಿಕೊಂಡಿರುವುದು ಸಾಮಾನ್ಯ. ಆಮೇಲೆ ಕಂಪನಿಯ ಹೆಸರು, ಲೇಬಲಿನ ಬಣ್ಣ ಮತ್ತು ವಿನ್ಯಾಸ, ತಯಾರಾದ ದೇಶ, ಮೊನೋ ಅಥವಾ ಸ್ಟೀರಿಯೊ ಎಂಬ ಗುರುತು, ಅಂಚಿನಲ್ಲಿ ಸುತ್ತಲೂ ಮುದ್ರಿಸಿರುವ ಸಣ್ಣಕ್ಷರಗಳನ್ನು ಒಂದನ್ನೂ ಬಿಡದೆ ಬರೆದುಕೊಳ್ಳಿ.

ಮುಖ್ಯವಾದ ಸಾಕ್ಷ್ಯ ಇರುವುದು ‘ರನ್‌ಔಟ್’ನಲ್ಲಿ. ಕೊನೆಯ ಹಾಡು ಮುಗಿದ ಮೇಲೆ ಲೇಬಲಿನ ಸುತ್ತ ಉಳಿಯುವ ನುಣುಪಾದ ಕಪ್ಪು ಪಟ್ಟಿ ಅದು. ದೀಪದ ಕೆಳಗೆ ತಟ್ಟೆಯನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಅಲ್ಲಿ ಕೈಯಿಂದ ಕೆತ್ತಿದ ಅಥವಾ ಅಚ್ಚೊತ್ತಿದ ಅಕ್ಷರಗಳು, ಅಂಕೆಗಳು ಕಾಣುತ್ತವೆ. ಇದೇ ‘ಮ್ಯಾಟ್ರಿಕ್ಸ್ ಸಂಖ್ಯೆ’. ರೆಕಾರ್ಡ್ ತಯಾರಿಸುವಾಗ ಮೊದಲು ಲ್ಯಾಕರ್ ಬಳಿದ ತಟ್ಟೆಯ ಮೇಲೆ ಧ್ವನಿಯನ್ನು ಕೊರೆಯುತ್ತಾರೆ. ಅದರಿಂದ ಲೋಹದ ಪಡಿಯಚ್ಚುಗಳನ್ನು ತೆಗೆದು, ಕೊನೆಯ ಅಚ್ಚಿನಿಂದ ವಿನೈಲನ್ನು ಒತ್ತುತ್ತಾರೆ. ಲ್ಯಾಕರಿನಲ್ಲಿ ಕೆತ್ತಿದ ಗುರುತು ಕೊನೆಯ ಪ್ರತಿಯವರೆಗೂ ಉಳಿದು ಬರುತ್ತದೆ, ಮಧ್ಯದ ಲೋಹದ ಅಚ್ಚುಗಳ ಮೇಲೆ ಹಾಕಿದ ಗುರುತುಗಳೂ ಬರುತ್ತವೆ. ಕವರನ್ನು ಮರುಮುದ್ರಿಸಬಹುದು, ಲೇಬಲನ್ನು ಅನುಕರಿಸಬಹುದು. ರನ್‌ಔಟ್ ಸುಲಭಕ್ಕೆ ಸುಳ್ಳು ಹೇಳುವುದಿಲ್ಲ.

ಈ ಗುರುತುಗಳಲ್ಲಿ ಎಷ್ಟು ಕಥೆ ಅಡಗಿರುತ್ತದೆ ಎನ್ನುವುದಕ್ಕೆ ಒಂದೆರಡು ಉದಾಹರಣೆ ಕೊಡುತ್ತೇನೆ. ಬ್ಲೂ ನೋಟ್ ಕಂಪನಿಯ ಹಳೆಯ ಜಾಝ್ ರೆಕಾರ್ಡುಗಳಲ್ಲಿ ಧ್ವನಿ ತಂತ್ರಜ್ಞ ರೂಡಿ ವ್ಯಾನ್ ಗೆಲ್ಡರ್ ಅವರ ‘ಆರ್‌ವಿಜಿ’ ಮುದ್ರೆ ಇರುತ್ತದೆ. ಪಕ್ಕದಲ್ಲಿ ಕಿವಿಯಂತೆ ಕಾಣುವ ಒಂದು ಚಿಹ್ನೆ ಇದ್ದರೆ ಅದು ಪ್ಲಾಸ್ಟಿಲೈಟ್ ಕಾರ್ಖಾನೆಯದು, ಎಂದರೆ 1960ರ ದಶಕದ ಮಧ್ಯಭಾಗಕ್ಕಿಂತ ಈಚಿನದಲ್ಲ. ಬ್ರಿಟನ್ನಿನ ಇಎಂಐ ಕಾರ್ಖಾನೆ ತನ್ನ ಒತ್ತುವ ಅಚ್ಚುಗಳಿಗೆ ಅಂಕೆಗಳ ಬದಲು ‘ಗ್ರಾಮೋಫೋನ್ ಲಿಮಿಟೆಡ್’ ಎಂಬ ಇಂಗ್ಲಿಷ್ ಹೆಸರಿನ ಹತ್ತು ಅಕ್ಷರಗಳನ್ನು ಬಳಸುತ್ತಿತ್ತು: ಜಿ ಎಂದರೆ 1, ಆರ್ ಎಂದರೆ 2, ಎ ಎಂದರೆ 3, ಹೀಗೆ ಕೊನೆಯ ಡಿ ಎಂದರೆ 0. ರನ್‌ಔಟಿನಲ್ಲಿ ಒಂಟಿಯಾಗಿ ನಿಂತ ‘ಜಿ’ ಅಕ್ಷರ ಕಂಡರೆ ನಿಮ್ಮ ಪ್ರತಿ ಮೊದಲ ಅಚ್ಚಿನಿಂದ ಬಂದದ್ದು. ನಿಮ್ಮದು ಯಾವ ಸಣ್ಣ ಕಂಪನಿಯದೇ ಆಗಿರಲಿ, ಅದರದೇ ಆದ ಪದ್ಧತಿ ಇದ್ದೇ ಇರುತ್ತದೆ. ಅರ್ಥವಾಗದ ಗೀಚನ್ನೂ ಹಾಗೆಯೇ ನಕಲಿಸಿಕೊಳ್ಳಿ. ಅರ್ಥ ಬಲ್ಲವರು ಕೊಳ್ಳುವವರಲ್ಲಿ ಇರುತ್ತಾರೆ.

ಇನ್ನು ‘ಡಿಸ್ಕಾಗ್ಸ್’ ಎಂಬ ತಾಣಕ್ಕೆ ಹೋಗಿ. 2000ದಲ್ಲಿ ಕೆವಿನ್ ಲೆವಾಂಡೋವ್ಸ್ಕಿ ಎಲೆಕ್ಟ್ರಾನಿಕ್ ಸಂಗೀತದ ಪಟ್ಟಿಯಾಗಿ ಆರಂಭಿಸಿದ ಇದು ಇಂದು ರೆಕಾರ್ಡುಗಳ ಬಹುದೊಡ್ಡ ದತ್ತಸಂಚಯ, ಜೊತೆಗೆ ಮಾರುಕಟ್ಟೆ. ಅಲ್ಲಿ ಹೆಸರಿನಿಂದ ಹುಡುಕುವುದಕ್ಕಿಂತ ಕ್ಯಾಟಲಾಗ್ ಸಂಖ್ಯೆ ಅಥವಾ ಮ್ಯಾಟ್ರಿಕ್ಸ್ ಸಂಖ್ಯೆಯಿಂದ ಹುಡುಕಿ. ಒಂದೇ ರೆಕಾರ್ಡಿನ ಹಲವು ಪ್ರೆಸಿಂಗುಗಳು ಪಟ್ಟಿಯಾಗಿ ಬಂದರೆ ಒಂದೊಂದನ್ನೂ ತೆರೆದು ನಿಮ್ಮ ಟಿಪ್ಪಣಿಯೊಂದಿಗೆ ಸಾಲು ಸಾಲಾಗಿ ಹೋಲಿಸಿ. ಪಟ್ಟಿಯ ಮೊದಲನೆಯದನ್ನೇ ಆರಿಸಿಬಿಡುವುದು ಅತಿ ಸಾಮಾನ್ಯವಾದ ತಪ್ಪು, ಮತ್ತು ಹಣ ವಾಪಸ್ ಕೊಡಬೇಕಾದ ಪ್ರಸಂಗಗಳು ಹೆಚ್ಚಾಗಿ ಹುಟ್ಟುವುದು ಅಲ್ಲಿಂದಲೇ.

ಇನ್ನೆರಡು ಎಚ್ಚರಿಕೆ. ಲೇಬಲಿನಲ್ಲಿ ವೃತ್ತದೊಳಗಿನ ‘ಪಿ’ ಅಕ್ಷರದ ಪಕ್ಕದಲ್ಲಿರುವ ವರ್ಷ ಧ್ವನಿಮುದ್ರಣದ ಹಕ್ಕಿನದು, ನಿಮ್ಮ ಪ್ರತಿ ಅಚ್ಚಾದ ವರ್ಷವಲ್ಲ. ಇಪ್ಪತ್ತು ವರ್ಷ ತಡವಾಗಿ ಬಂದ ಮರುಮುದ್ರಣದಲ್ಲೂ ಅದೇ ವರ್ಷ ಇರಬಹುದು. ಎರಡನೆಯದು ಬಾರ್‌ಕೋಡ್. ಅಂಗಡಿಗಳಲ್ಲಿ ಸರಕಿನ ಬಾರ್‌ಕೋಡ್ ಓದುವ ಪದ್ಧತಿ ಶುರುವಾದದ್ದೇ 1974ರಲ್ಲಿ. 1960ರ ದಶಕದ್ದು ಎನ್ನಲಾಗುವ ಕವರಿನ ಹಿಂದೆ ಬಾರ್‌ಕೋಡ್ ಮುದ್ರಿತವಾಗಿದ್ದರೆ ಅದು ಮರುಮುದ್ರಣವೇ.

ದತ್ತಸಂಚಯದಲ್ಲಿ ನಿಮ್ಮ ರೆಕಾರ್ಡ್ ಇಲ್ಲವೇ ಇಲ್ಲವೆಂದಾದರೆ ಬೇಸರಪಡಬೇಡಿ. ನೀವೇ ಅದನ್ನು ಸೇರಿಸಿ. ಲೇಬಲ್, ಕವರ್, ರನ್‌ಔಟ್ ವಿವರ, ಹಾಡುಗಳ ಪಟ್ಟಿ, ಕಲಾವಿದರ ಹೆಸರುಗಳು ಎಲ್ಲವನ್ನೂ ದಾಖಲಿಸಿ. ಇದು ಮಾರಾಟಕ್ಕೆ ಅನುಕೂಲ ಎನ್ನುವುದು ಒಂದು ಮಾತು. ಅದಕ್ಕಿಂತ ದೊಡ್ಡದೆಂದರೆ, ಎಲ್ಲೂ ದಾಖಲಾಗದ ಒಂದು ಸಂಗೀತದ ಕೆಲಸಕ್ಕೆ ಮೊದಲ ಬಾರಿಗೆ ವಿಳಾಸ ಸಿಗುತ್ತದೆ. ನನ್ನ ಮಟ್ಟಿಗೆ ಮಾರಾಟದ ಹಣದಷ್ಟೇ ತೂಕ ಇದಕ್ಕೂ ಇದೆ.

2. ಶುಚಿಗೊಳಿಸಿ, ಆದರೆ ಅದಕ್ಕೂ ಮೊದಲು ವಸ್ತು ಯಾವುದೆಂದು ನೋಡಿ

ಎಲ್ಲ ಕಪ್ಪು ತಟ್ಟೆಗಳೂ ವಿನೈಲ್ ಅಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳಲ್ಲಿ ಹೆಚ್ಚಿನವು ಅರಗಿನವು, ಎಂದರೆ ಶೆಲ್ಯಾಕ್. ಕೈಜಾರಿದರೆ ಒಡೆಯುತ್ತವೆ, ಆಲ್ಕೋಹಾಲ್ ತಾಗಿದರೆ ಕರಗುತ್ತವೆ. ‘ಅಸಿಟೇಟ್’ ಎನ್ನುವವು ಲೋಹದ ತಟ್ಟೆಯ ಮೇಲೆ ಲ್ಯಾಕರ್ ಬಳಿದು ನೇರವಾಗಿ ಕೊರೆದ ಪರೀಕ್ಷಾ ಪ್ರತಿಗಳು. ತೂಕ ಹೆಚ್ಚು, ಅಂಚಿನಲ್ಲಿ ಲೋಹ ಇಣುಕುತ್ತಿರುತ್ತದೆ, ಕೆಲವೇ ಬಾರಿ ನುಡಿಸಿದರೂ ಸವೆಯುತ್ತವೆ. ಇವೆರಡಕ್ಕೂ ಆಲ್ಕೋಹಾಲ್ ಇರುವ ಯಾವ ದ್ರಾವಣವನ್ನೂ ಹಚ್ಚಬೇಡಿ. ಅಸಿಟೇಟ್ ಎಂದು ಅನುಮಾನ ಬಂದರೆ ನುಡಿಸುವುದನ್ನೂ ನಿಲ್ಲಿಸಿ ಬಲ್ಲವರಿಗೆ ತೋರಿಸಿ.

ವಿನೈಲ್ ಎಂದು ಖಚಿತವಾದರೆ ಒಣಬ್ರಷ್‌ನಿಂದ ಧೂಳು ತೆಗೆದು, ಬಟ್ಟಿ ಇಳಿಸಿದ ನೀರಿನಲ್ಲಿ ಒಂದು ಹನಿ ಸೌಮ್ಯವಾದ ಮಾರ್ಜಕ ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಿಂದ ಧ್ವನಿಗೆರೆಗಳ ದಿಕ್ಕಿನಲ್ಲೇ ಸುತ್ತಾಗಿ ಒರೆಸಿ. ಅಡ್ಡಡ್ಡ ಉಜ್ಜಬೇಡಿ. ಬರಿಯ ಬಟ್ಟಿ ನೀರಿನಿಂದ ಇನ್ನೊಮ್ಮೆ ತೊಳೆದು ನೆರಳಿನಲ್ಲಿ ಒಣಗಿಸಿ. ನಲ್ಲಿಯ ನೀರು ಒಣಗಿದಾಗ ಅದರಲ್ಲಿರುವ ಲವಣ ಗೆರೆಗಳೊಳಗೆ ಕೂರುತ್ತದೆ. ಲೇಬಲ್ ನೆನೆಯದಂತೆ ನೋಡಿಕೊಳ್ಳಿ. ಕವರಿನ ಮೇಲಿರುವ ಹಳೆಯ ಚೀಟಿ, ಬರಹ, ಬೆಲೆಯ ಸ್ಟಿಕ್ಕರ್ ಕೀಳಲು ಹೋಗಬೇಡಿ. ಅವನ್ನು ವಿವರಣೆಯಲ್ಲಿ ಹೇಳಿದರೆ ಸಾಕು. ಸೀಳಿದ ಕವರಿಗೆ ಅಂಟುಪಟ್ಟಿ ಹಚ್ಚಿ ‘ರಿಪೇರಿ’ ಮಾಡುವುದು ಬೆಲೆಯನ್ನು ಇನ್ನಷ್ಟು ಇಳಿಸುತ್ತದೆ.

3. ನೋಡಿ, ಕೇಳಿ, ದರ್ಜೆ ಕೊಡಿ

ಅಮೆರಿಕದ ‘ಗೋಲ್ಡ್‌ಮೈನ್’ ಪತ್ರಿಕೆ ರೂಢಿಗೆ ತಂದ ದರ್ಜೆಗಳನ್ನೇ ಹೆಚ್ಚಿನ ಮಾರುಕಟ್ಟೆಗಳು ಬಳಸುತ್ತವೆ. ಮೇಲಿನಿಂದ ಕೆಳಕ್ಕೆ: ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್ ಪ್ಲಸ್, ಗುಡ್, ಫೇರ್, ಪೂರ್. ಹೊಸಬರು ಮೋಸಹೋಗುವುದು ಈ ಪದಗಳ ದೈನಂದಿನ ಅರ್ಥದಿಂದ. ಇಲ್ಲಿ ‘ಗುಡ್’ ಎಂದರೆ ಒಳ್ಳೆಯದಲ್ಲ: ಸೂಜಿ ಹಾರದೆ ಕೊನೆಯವರೆಗೂ ನುಡಿಯುತ್ತದೆ, ಆದರೆ ಗೀರುಗಳು, ಸದ್ದು ತುಂಬಿವೆ ಎಂದರ್ಥ. ‘ವೆರಿ ಗುಡ್’ ಎಂದರೂ ಮೆಲುದನಿಯ ಭಾಗಗಳಲ್ಲಿ ಚಟಪಟ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಎಚ್ಚರಿಕೆಯಿಂದ ಇಟ್ಟುಕೊಂಡು ಆಗಾಗ ನುಡಿಸಿದ ಪ್ರತಿ ಸಾಮಾನ್ಯವಾಗಿ ‘ವೆರಿ ಗುಡ್ ಪ್ಲಸ್’ಗೆ ಬಂದು ನಿಲ್ಲುತ್ತದೆ. ‘ಮಿಂಟ್’ ಎನ್ನುವ ಪದವನ್ನು ಬಳಸಲೇಬೇಡಿ ಎನ್ನುವುದು ನನ್ನ ಸಲಹೆ. ಒಮ್ಮೆ ತೆರೆದು ನುಡಿಸಿದ ಯಾವ ರೆಕಾರ್ಡಿಗೂ ಅದು ಹೊಂದುವುದಿಲ್ಲ.

ನೋಡುವಾಗ ಕೋಣೆಯ ದೀಪ ಆರಿಸಿ, ಒಂದೇ ಮೇಜಿನ ದೀಪವನ್ನು ಉಳಿಸಿಕೊಳ್ಳಿ. ತಟ್ಟೆಯನ್ನು ಅಂಚು ಮತ್ತು ಲೇಬಲ್ ಮಾತ್ರ ಮುಟ್ಟುವಂತೆ ಹಿಡಿದು, ಬೆಳಕು ಅದರ ಮೇಲೆ ಜಾರುವಂತೆ ಓರೆ ಮಾಡಿ. ನೇರ ಬೆಳಕಿನಲ್ಲಿ ಕಾಣದ ಕೂದಲೆಳೆಯ ಗೀರುಗಳೂ ಆಗ ಎದ್ದು ಕಾಣುತ್ತವೆ. ಒಂದು ಗೀರು ಕಂಡರೆ ಉಗುರಿನಿಂದ ಅಲ್ಲ, ಬೆರಳ ತುದಿಯಿಂದ ಹಗುರವಾಗಿ ಸವರಿ ನೋಡಿ. ಬೆರಳಿಗೆ ತಡೆದರೆ ಅದು ಸೂಜಿಗೂ ತಡೆಯುತ್ತದೆ. ಹೊಳಪು ಹೋಗಿ ಬೂದಿಬಣ್ಣ ತಿರುಗಿದ್ದರೆ ಅದು ಸವೆತದ ಗುರುತು. ಗೀರು ಒಂದೂ ಇಲ್ಲದಿದ್ದರೂ ಧ್ವನಿ ಒಡಕಾಗಿರಬಹುದು. ಲೇಬಲಿನ ನಡುರಂಧ್ರದ ಸುತ್ತ ತೆಳ್ಳನೆಯ ಗೆರೆಗಳ ಜಾಲವಿದ್ದರೆ ಆ ಪ್ರತಿ ತುಂಬ ಸಲ ಟರ್ನ್‌ಟೇಬಲ್ ಏರಿದೆ.

ಆಮೇಲೆ ನುಡಿಸಿ ಕೇಳಿ, ಎರಡೂ ಬದಿಯನ್ನು ಪೂರ್ತಿಯಾಗಿ. ಎಲ್‌ಪಿ, ಎಂದರೆ ಹಲವು ಹಾಡುಗಳಿರುವ ದೊಡ್ಡ ತಟ್ಟೆ, ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಎಂದರೆ ಒಂದು ಸುತ್ತಿಗೆ 1.8 ಸೆಕೆಂಡು. ‘ಟಿಕ್, ಟಿಕ್’ ಎನ್ನುವ ಸದ್ದು ಸರಿಯಾಗಿ ಇದೇ ಅಂತರದಲ್ಲಿ ಮರುಕಳಿಸುತ್ತಿದ್ದರೆ ಅದು ಗೀರು. ಗಡಿಯಾರ ಹಿಡಿದು ನೋಡಿದರೆ 18 ಸೆಕೆಂಡಿಗೆ ಹತ್ತು ಸಲ ಬರುತ್ತದೆ. ಯಾವ ಹಾಡಿನಲ್ಲಿ, ಎಷ್ಟು ಸುತ್ತು ಎಂದು ಬರೆದುಕೊಳ್ಳಿ. ಲೆಕ್ಕವಿಲ್ಲದೆ ಅಲ್ಲಲ್ಲಿ ಬರುವ ಸಣ್ಣ ಸದ್ದು ಹೆಚ್ಚಾಗಿ ಧೂಳು ಅಥವಾ ಸ್ಥಿರವಿದ್ಯುತ್ತು, ಶುಚಿಮಾಡಿದರೆ ಕಡಿಮೆಯಾಗಬಹುದು. ಬಟ್ಟೆ ಹರಿದಂತೆ ‘ಜರ್ರ್’ ಎನ್ನುವ ಸದ್ದು ಕೇಳಿದರೆ ಅದು ಅಚ್ಚು ಒತ್ತುವಾಗ ವಿನೈಲ್ ಗೆರೆಯೊಳಗೆ ಪೂರ್ತಿ ತುಂಬದ ದೋಷ, ಯಾವ ಶುಚಿಗೂ ಹೋಗುವುದಿಲ್ಲ. ಸ್ವರ ಏರಿಳಿದು ತೂಗಿದಂತೆ ಕೇಳಿದರೆ ನಡುರಂಧ್ರ ಕೇಂದ್ರದಿಂದ ಸರಿದಿದೆ. ತಟ್ಟೆ ಬಾಗಿದೆಯೇ ಎನ್ನುವುದನ್ನು ಕಣ್ಣನ್ನು ಟರ್ನ್‌ಟೇಬಲಿನ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿ. ಬಾಗಿದ್ದರೂ ಸೂಜಿ ಹಾರದಿದ್ದರೆ ಅದನ್ನೂ ಹಾಗೆಯೇ ಹೇಳಿ.

ಕವರಿಗೆ ಬೇರೆ ದರ್ಜೆ ಕೊಡಬೇಕು. ಒಳಗಿನ ತಟ್ಟೆಯ ದುಂಡು ಗುರುತು ಹೊರಗೆ ಸವೆದು ಮೂಡಿರುವುದು, ಅಂಚಿನ ಹೊಲಿಗೆ ಬಿಟ್ಟಿರುವುದು, ನೀರಿನ ಕಲೆ, ಪೆನ್ನಿನ ಬರಹ, ಉಳಿಕೆ ಸರಕೆಂದು ಕಂಪನಿಯೇ ಕತ್ತರಿಸಿದ ಮೂಲೆ ಅಥವಾ ಕೊರೆದ ತೂತು ಇವೆಲ್ಲ ಸೇರಬೇಕು. ಎರಡು ದರ್ಜೆಗಳ ನಡುವೆ ಮನಸ್ಸು ಹೊಯ್ದಾಡಿದರೆ ಕೆಳಗಿನದನ್ನೇ ಆರಿಸಿ. ನಿರೀಕ್ಷೆಗಿಂತ ಚೆನ್ನಾಗಿರುವ ರೆಕಾರ್ಡನ್ನು ಯಾರೂ ಹಿಂದಿರುಗಿಸುವುದಿಲ್ಲ.

ತೆರೆಯದ, ಸೀಲ್ ಇರುವ ಪ್ರತಿಯಾದರೆ ತೆರೆಯಬೇಡಿ. ಒಳಗೆ ಏನಿದೆ ಎಂದು ನೀವು ನೋಡಿಲ್ಲ ಎನ್ನುವುದನ್ನು ಬರವಣಿಗೆಯಲ್ಲಿ ತಿಳಿಸಿದರೆ ಸಾಕು.

4. ಬೆಲೆ ಕಟ್ಟಿ

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು: ಅಪರೂಪ ಬೇರೆ, ಬೆಲೆ ಬೇರೆ. ಶಾಲೆಯೊಂದರ ವೃಂದಗಾನ, ಯಾವುದೋ ಸಂಸ್ಥೆಯ ವಾರ್ಷಿಕ ಭಾಷಣ ಇಂಥವು ಕೆಲವೇ ಪ್ರತಿ ಅಚ್ಚಾಗಿರುತ್ತವೆ, ಆದರೆ ಕೇಳುವವರಿಲ್ಲ. ಬೆಲೆ ಹುಟ್ಟುವುದು ಬೇಕೆನ್ನುವವರಿಂದ. ಡಿಸ್ಕಾಗ್ಸ್ ಪುಟದಲ್ಲಿ ಆ ಪ್ರೆಸಿಂಗ್ ಎಷ್ಟು ಜನರ ಬಳಿ ಇದೆ, ಎಷ್ಟು ಜನರಿಗೆ ಬೇಕಾಗಿದೆ ಎಂಬ ಎರಡು ಸಂಖ್ಯೆಗಳು ಕಾಣುತ್ತವೆ. ಇರುವವರು 3, ಬೇಕೆನ್ನುವವರು 2 ಎಂದಿದ್ದರೆ ಆತುರ ಬೇಡ, ಕಾಯಬೇಕು. ಇರುವವರು 40, ಬೇಕೆನ್ನುವವರು 600 ಎಂದಿದ್ದರೆ ಕೈಯಲ್ಲಿರುವುದಕ್ಕೆ ನಿಜವಾದ ಬೇಡಿಕೆ ಇದೆ.

ಮಾರಾಟವಾದ ಬೆಲೆಯನ್ನು ನೋಡಿ, ಕೇಳುತ್ತಿರುವ ಬೆಲೆಯನ್ನಲ್ಲ. ಯಾರೋ ಭಾರೀ ಮೊತ್ತ ಬರೆದು ವರ್ಷಗಟ್ಟಲೆ ಮಾರದೆ ಇಟ್ಟಿದ್ದರೆ ಅದು ಬೆಲೆಯಲ್ಲ, ಆಸೆ ಅಷ್ಟೇ. ಡಿಸ್ಕಾಗ್ಸ್‌ನ ಮಾರಾಟದ ಇತಿಹಾಸದಲ್ಲಿ ಕನಿಷ್ಠ, ಮಧ್ಯಮ, ಗರಿಷ್ಠ ಬೆಲೆಗಳಿರುತ್ತವೆ. ಅವು ಯಾವ ದಿನಾಂಕದವು, ಪ್ರತಿ ಯಾವ ದರ್ಜೆಯದು ಎಂದೂ ನೋಡಿ. ಇಬೇ ಎಂಬ ಹರಾಜು ತಾಣದಲ್ಲಿ ‘ಮಾರಾಟವಾದವು’ ಎಂಬ ಆಯ್ಕೆ ಹಾಕಿ ಹುಡುಕಿ. ಅದು ತೋರಿಸುವುದು ಇತ್ತೀಚಿನ ಕೆಲವು ತಿಂಗಳ ಮಾರಾಟವನ್ನಷ್ಟೇ. ಹಳೆಯ ಹರಾಜುಗಳಿಗೆ ‘ಪಾಪ್‌ಸೈಕ್’ ಎಂಬ ತಾಣವಿದೆ. ದರ್ಜೆಗಳ ಲೆಕ್ಕಕ್ಕೆ ಗೋಲ್ಡ್‌ಮೈನ್‌ನ ಸ್ಥೂಲ ಸೂತ್ರ ಹೀಗಿದೆ: ‘ನಿಯರ್ ಮಿಂಟ್’ ಬೆಲೆಯ ಅರ್ಧ ‘ವೆರಿ ಗುಡ್ ಪ್ಲಸ್’ಗೆ, ಕಾಲು ಭಾಗ ‘ವೆರಿ ಗುಡ್’ಗೆ. ಬೇರೆ ಪ್ರತಿಯೇ ಸಿಗದ ರೆಕಾರ್ಡುಗಳಲ್ಲಿ ಈ ಇಳಿತ ಇಷ್ಟು ಕಡಿದಾಗಿರುವುದಿಲ್ಲ, ಏಕೆಂದರೆ ಕೊಳ್ಳುವವರಿಗೆ ಆಯ್ಕೆ ಇಲ್ಲ.

ಇತಿಹಾಸವೇ ಇಲ್ಲದಿದ್ದರೆ? ಆಗ ರೆಕಾರ್ಡಿನ ನೆರೆಹೊರೆ ನೋಡಿ. ಅದೇ ಕಂಪನಿಯ ಪಕ್ಕದ ಕ್ಯಾಟಲಾಗ್ ಸಂಖ್ಯೆಗಳು, ಅದೇ ವಾದ್ಯಗಾರರು ನುಡಿಸಿದ ಬೇರೆ ರೆಕಾರ್ಡುಗಳು, ಅದೇ ಕಾಲದ ಅದೇ ಶೈಲಿಯವು ಎಷ್ಟಕ್ಕೆ ಹೋಗಿವೆ? ಕಲಾವಿದರೇ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ರೆಕಾರ್ಡುಗಳನ್ನು ‘ಪ್ರೈವೇಟ್ ಪ್ರೆಸ್’ ಎನ್ನುತ್ತಾರೆ. ಅದರಲ್ಲೂ ಸೈಕೆಡೆಲಿಕ್ ರಾಕ್, ಜಾನಪದ ಧಾಟಿಯ ಹಾಡುಗಳು, ಜಾಝ್, ಆರಂಭಕಾಲದ ಎಲೆಕ್ಟ್ರಾನಿಕ್ ಸಂಗೀತಕ್ಕೆ ಸಂಗ್ರಾಹಕರು ಬಹಳ. ‘ಲೈಬ್ರರಿ ಮ್ಯೂಸಿಕ್’ಗೂ ಹಾಗೆಯೇ; ಇವು ಸಿನಿಮಾ, ಟಿವಿ ತಯಾರಕರಿಗೆ ಹಿನ್ನೆಲೆ ಸಂಗೀತವಾಗಿ ಬಳಸಲೆಂದೇ ಮಾಡಿದ, ಅಂಗಡಿಗೆ ಬಾರದ ರೆಕಾರ್ಡುಗಳು. ಇತ್ತೀಚೆಗೆ ಮರುಮುದ್ರಣ ಬಂದಿದೆಯೇ ಎಂದೂ ವಿಚಾರಿಸಿ. ಸಂಗೀತವಷ್ಟೇ ಸಾಕು ಎನ್ನುವವರು ಮರುಮುದ್ರಣಕ್ಕೆ ಹೋಗುತ್ತಾರೆ, ಆದರೆ ರೆಕಾರ್ಡಿನ ಹೆಸರು ಹಬ್ಬಿ ಮೂಲ ಪ್ರತಿಗೆ ಹೊಸ ಗಿರಾಕಿಗಳು ಹುಟ್ಟುವುದೂ ಉಂಟು.

5. ಎಲ್ಲಿ ಮಾರುವುದು

ಹರಾಜಿಗೆ ಕನಿಷ್ಠ ಇಬ್ಬರು ಹಟಗಾರರು ಬೇಕು. ಒಬ್ಬರೇ ಇದ್ದರೆ ರೆಕಾರ್ಡ್ ಆರಂಭಿಕ ಬೆಲೆಗೇ ಹೋಗುತ್ತದೆ. ಆದ್ದರಿಂದ ಬೇಡಿಕೆ ದಾಖಲಾಗಿರುವ ರೆಕಾರ್ಡಿಗೆ ಮಾತ್ರ ಹರಾಜು ಒಳ್ಳೆಯದು. ಯಾರಿಗೂ ಗೊತ್ತಿಲ್ಲದ ರೆಕಾರ್ಡನ್ನು ನಿಗದಿತ ಬೆಲೆಗೆ ಇಟ್ಟು, ಕಡಿಮೆ ಬೆಲೆ ಕೇಳಿ ಬರೆಯಲು ಅವಕಾಶ ಕೊಟ್ಟು ಕಾಯುವುದೇ ಸರಿ. ಡಿಸ್ಕಾಗ್ಸ್‌ನಲ್ಲಿ ‘ಬೇಕು’ ಎಂದು ಗುರುತು ಹಾಕಿದವರಿಗೆ ನೀವು ಮಾರಾಟಕ್ಕಿಟ್ಟ ಸುದ್ದಿ ತಾನಾಗಿಯೇ ತಲುಪುವ ವ್ಯವಸ್ಥೆ ಇದೆ. ಒಂದು ಅಡ್ಡಿ: ಅನಧಿಕೃತ ಮುದ್ರಣಗಳನ್ನು ಅಲ್ಲಿ ಮಾರಲು ಬಿಡುವುದಿಲ್ಲ.

ವ್ಯಾಪಾರಿಗೆ ಕೊಟ್ಟರೆ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ, ಆದರೆ ಅವರು ಮಾರುವ ಬೆಲೆಯ ಅರ್ಧವೋ ಅದಕ್ಕಿಂತ ಕಡಿಮೆಯೋ ಸಿಗುತ್ತದೆ. ಅದು ಅನ್ಯಾಯವಲ್ಲ, ಗಿರಾಕಿ ಬರುವವರೆಗೆ ಹಣ ತೊಡಗಿಸಿ ಕಾಯುವವರು ಅವರು. ಮಾರಾಟವಾದ ಮೇಲೆ ಪಾಲು ಹಂಚಿಕೊಳ್ಳುವ ಒಪ್ಪಂದಕ್ಕೆ ಒಪ್ಪುವ, ನಿಮ್ಮ ಸಂಗೀತಶೈಲಿಯನ್ನು ಬಲ್ಲ ವ್ಯಾಪಾರಿ ಸಿಕ್ಕರೆ ಅದು ಉತ್ತಮ ನಡುದಾರಿ. ಪ್ರಮಾಣ, ಅವಧಿ, ಕಳೆದುಹೋದರೆ ಹೊಣೆ ಯಾರದು ಎನ್ನುವುದು ಬರಹದಲ್ಲಿರಲಿ. ನಿಜವಾಗಿ ಎಲ್ಲೂ ದಾಖಲಾಗದ ಸಂಗೀತವಾದರೆ, ಹಳೆಯದನ್ನು ಹುಡುಕಿ ಮರುಮುದ್ರಿಸುವ ಸಣ್ಣ ಕಂಪನಿಗಳಿಗೂ ಒಂದು ಪತ್ರ ಬರೆಯಿರಿ. ನೆನಪಿಡಿ, ನೀವು ಮಾರುವುದು ತಟ್ಟೆಯನ್ನು ಮಾತ್ರ. ಸಂಗೀತದ ಹಕ್ಕು ಅದರ ಒಡೆಯರದೇ.

6. ವಿವರಣೆ ಮತ್ತು ಚಿತ್ರಗಳು

ಶೀರ್ಷಿಕೆಯಲ್ಲಿ ಕಲಾವಿದರು, ರೆಕಾರ್ಡಿನ ಹೆಸರು, ಕಂಪನಿ, ಕ್ಯಾಟಲಾಗ್ ಸಂಖ್ಯೆ, ದೇಶ, ವರ್ಷ, ಶೈಲಿ ಇರಲಿ. ‘ಅತಿ ಅಪರೂಪ’, ‘ಮಹಾ ದುರ್ಲಭ’ ಎಂಬ ಪದಗಳನ್ನು ಬಿಡಿ. ಆ ಪದಗಳನ್ನು ಯಾರೂ ಹುಡುಕುವುದಿಲ್ಲ, ಬಲ್ಲವರು ಅವನ್ನು ಕಂಡು ಹಿಂಜರಿಯುತ್ತಾರೆ. ಕೆಳಗೆ ರನ್‌ಔಟ್ ಬರಹವನ್ನು ಎರಡೂ ಬದಿಗೆ ಪೂರ್ತಿ ಬರೆಯಿರಿ. ದರ್ಜೆಯನ್ನಷ್ಟೇ ಹೇಳಿ ನಿಲ್ಲಿಸದೆ ಹೀಗೆ ಬಿಡಿಸಿ ಹೇಳಿ: “ಮೊದಲ ಬದಿ, ಎರಡನೆಯ ಹಾಡಿನ ಆರಂಭದಲ್ಲಿ ಒಂದು ಗೀರು, ಆರು ಸಲ ಮೆಲ್ಲಗೆ ಟಿಕ್ ಎನ್ನುತ್ತದೆ, ಹಾರುವುದಿಲ್ಲ. ಉಳಿದಂತೆ ಹಾಡುಗಳ ನಡುವೆ ಮಾತ್ರ ಸಣ್ಣ ಸದ್ದು. ಕವರಿನ ಕೆಳ ಹೊಲಿಗೆ ಎರಡು ಇಂಚು ಬಿಟ್ಟಿದೆ. ಲೇಬಲಿನಲ್ಲಿ ಪೆನ್ನಿನಿಂದ ಹೆಸರು ಬರೆದಿದೆ.” ಇಂಥ ನಾಲ್ಕು ವಾಕ್ಯ ಓದಿದ ಸಂಗ್ರಾಹಕರು ನಿಮ್ಮನ್ನು ನಂಬುತ್ತಾರೆ. ಕಣ್ಣಿನಿಂದ ನೋಡಿ ಮಾತ್ರ ದರ್ಜೆ ಕೊಟ್ಟಿದ್ದೀರೋ, ನುಡಿಸಿ ಕೇಳಿ ಕೊಟ್ಟಿದ್ದೀರೋ ಎನ್ನುವುದನ್ನೂ ಹೇಳಿ. ಸಂಗೀತದ ಬಗ್ಗೆ ಎರಡು ಸಾಲು ಬರೆಯುವುದು ಹೆಸರಿಲ್ಲದ ರೆಕಾರ್ಡಿಗೆ ಬಹಳ ಅಗತ್ಯ: ಯಾವ ವಾದ್ಯಗಳಿವೆ, ಹಾಡುಗಾರಿಕೆ ಇದೆಯೇ, ಗತಿ ಎಂಥದು.

ಚಿತ್ರಗಳು ಹಗಲಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಇರಲಿ: ಕವರಿನ ಮುಂದೆ, ಹಿಂದೆ, ಎರಡೂ ಲೇಬಲ್, ಎರಡೂ ಬದಿಯ ತಟ್ಟೆ, ಪ್ರತಿಯೊಂದು ದೋಷ ಹತ್ತಿರದಿಂದ. ರನ್‌ಔಟಿನ ಸ್ಪಷ್ಟ ಚಿತ್ರವನ್ನು ತೆಗೆದು ಒಂದು ಪ್ರತಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಕೆಲವರು ನಿಮ್ಮ ಒಳ್ಳೆಯ ಪ್ರತಿಯನ್ನು ಇಟ್ಟುಕೊಂಡು ತಮ್ಮ ಸವೆದ ಪ್ರತಿಯನ್ನು ‘ವಾಪಸ್’ ಕಳಿಸುವುದುಂಟು; ಆಗ ಗೀರಿನ ಆಕಾರ, ಲೇಬಲಿನ ಕಲೆ, ರನ್‌ಔಟಿನ ಅಕ್ಷರಗಳ ಓರೆಕೋರೆ ನಿಮಗೆ ಸಾಕ್ಷಿಯಾಗುತ್ತವೆ.

7. ಹಣ

ಹಣ ಪೂರ್ತಿ ಬಂದ ಮೇಲೆಯೇ ಕಳಿಸಿ. ಬೆಲೆಗಿಂತ ಹೆಚ್ಚು ಕೊಟ್ಟು ಉಳಿದದ್ದನ್ನು ವಾಪಸ್ ಕೇಳುವವರು, ಹಣ ಕೊಟ್ಟ ಮೇಲೆ ವಿಳಾಸ ಬದಲಿಸಲು ಹೇಳುವವರು, ತಾಣದ ಹೊರಗೆ ವ್ಯವಹರಿಸೋಣ ಎಂದು ಅವಸರಿಸುವವರು ಬಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಬೆಲೆ ನಿಗದಿ ಮಾಡುವಾಗ ತಾಣದ ಶುಲ್ಕ, ಹಣ ವರ್ಗಾವಣೆಯ ಶುಲ್ಕ, ರಟ್ಟಿನ ಖರ್ಚು ಕಳೆದು ಕೈಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿ. ಪ್ಯಾಕ್ ಮಾಡಿದ ಪೊಟ್ಟಣವನ್ನು ತೂಗಿ ನೋಡದೆ ಸಾಗಣೆ ವೆಚ್ಚ ಹೇಳಬೇಡಿ.

8. ಕಟ್ಟುವುದು, ಕಳಿಸುವುದು

ರೆಕಾರ್ಡನ್ನು ಕವರಿನೊಳಗೇ ಬಿಟ್ಟು ಕಳಿಸಬೇಡಿ. ಪೊಟ್ಟಣ ಕೆಳಗೆ ಬಿದ್ದಾಗ ತಟ್ಟೆ ಒಳಗಿನಿಂದ ಗುದ್ದಿ ಕವರಿನ ಅಂಚನ್ನು ಸೀಳಿಬಿಡುತ್ತದೆ. ತಟ್ಟೆಯನ್ನು ಹೊಸ ಒಳಚೀಲಕ್ಕೆ ಹಾಕಿ ಕವರಿನ ಹಿಂದೆ ಇಡಿ, ಮೂಲ ಒಳಚೀಲವನ್ನು ಕವರಿನೊಳಗೇ ಬಿಡಿ. ಎರಡನ್ನೂ ಸೇರಿಸಿ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಹೊರಚೀಲಕ್ಕೆ ಹಾಕಿ. ಪಿವಿಸಿ ಚೀಲ ಬೇಡ. ಅದು ಕಾಲಾಂತರದಲ್ಲಿ ತಟ್ಟೆಯ ಮೇಲೆ ಮಬ್ಬು ಮೂಡಿಸುತ್ತದೆ.

ಎಲ್‌ಪಿ ಕವರು ಸುಮಾರು 31.5 ಸೆಂಟಿಮೀಟರ್ ಚೌಕ. ಅದಕ್ಕಿಂತ ತುಸು ದೊಡ್ಡದಾದ ಎರಡು ಗಟ್ಟಿ ರಟ್ಟುಗಳನ್ನು ಆಚೀಚೆ ಇಟ್ಟು, ಒಂದರ ಅಲೆಗೆರೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರುವಂತೆ ಜೋಡಿಸಿ. ಆಗ ಪೊಟ್ಟಣ ಯಾವ ಕಡೆಗೂ ಸುಲಭವಾಗಿ ಬಾಗುವುದಿಲ್ಲ. ಅಂಟುಪಟ್ಟಿ ಹೊರಚೀಲಕ್ಕೆ ತಾಗದಿರಲಿ. ರೆಕಾರ್ಡಿಗೆಂದೇ ಮಾಡಿದ ಡಬ್ಬಕ್ಕೆ ಹಾಕಿ, ಮುಚ್ಚಿದ ಮೇಲೆ ಅಲುಗಿಸಿ ನೋಡಿ. ಒಳಗೆ ಸದ್ದಾದರೆ ಇನ್ನಷ್ಟು ರಟ್ಟು ಬೇಕು. ಅರಗಿನ ತಟ್ಟೆಯಾದರೆ ಡಬ್ಬದೊಳಗೆ ಡಬ್ಬ, ನಡುವೆ ಮೆತ್ತನೆಯ ತುಂಬು ಕಡ್ಡಾಯ. ಕಟ್ಟುವ ಕೆಲಸವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ.

ಜಾಡು ಹಿಡಿಯುವ ಸಂಖ್ಯೆ ಇರುವ ಸೇವೆಯನ್ನೇ ಬಳಸಿ, ಬೆಲೆಬಾಳುವುದಾದರೆ ವಿಮೆಯನ್ನೂ ಮಾಡಿಸಿ. ವಿದೇಶಕ್ಕೆ ಅಂಚೆಯಲ್ಲಿ ಕಳಿಸುವಾಗ ಸಿಎನ್ 22 ಅಥವಾ ಸಿಎನ್ 23 ಎಂಬ ಸುಂಕ ಘೋಷಣೆಯ ನಮೂನೆ ತುಂಬಬೇಕು. ಗ್ರಾಮಫೋನ್ ರೆಕಾರ್ಡಿನ ಸರಕು ಸಂಕೇತ 8523.80. ಸುಂಕ ಉಳಿಸಲು ‘ಉಡುಗೊರೆ’ ಎಂದು ಬರೆಯಿರಿ, ಬೆಲೆ ಕಡಿಮೆ ತೋರಿಸಿ ಎಂದು ಕೊಳ್ಳುವವರು ಕೇಳಿದರೆ ಒಪ್ಪಬೇಡಿ. ಅದು ಸುಳ್ಳು ಘೋಷಣೆ, ಮೇಲಾಗಿ ಪೊಟ್ಟಣ ಕಳೆದರೆ ವಿಮೆಯಿಂದ ಸಿಗುವುದೂ ಆ ಕಡಿಮೆ ಮೊತ್ತವೇ.

9. ದೂರು ಬಂದರೆ, ಅಥವಾ ಮಾರಾಟವೇ ಆಗದಿದ್ದರೆ

ತಲುಪಿದ ರೆಕಾರ್ಡ್ ಸರಿಯಿಲ್ಲ ಎಂಬ ಪತ್ರ ಬಂದರೆ ತಕ್ಷಣ ಜಗಳಕ್ಕಿಳಿಯಬೇಡಿ. ದೋಷ ಯಾವ ಹಾಡಿನಲ್ಲಿ, ಎಲ್ಲಿ ಎಂದು ಕೇಳಿ, ಚಿತ್ರ ಅಥವಾ ಧ್ವನಿ ತುಣುಕು ಕಳಿಸಲು ಹೇಳಿ, ನಿಮ್ಮ ಟಿಪ್ಪಣಿಯೊಂದಿಗೆ ಹೋಲಿಸಿ. ನೀವು ಬರೆಯದ ದೋಷ ನಿಜವಾಗಿಯೂ ಇದ್ದರೆ ಸ್ವಲ್ಪ ಹಣ ವಾಪಸ್ ಕೊಡುವುದಾಗಿ ನೀವೇ ಮೊದಲು ಹೇಳಿ, ಅವರು ಒಪ್ಪದಿದ್ದರೆ ರೆಕಾರ್ಡನ್ನು ಪೂರ್ತಿ ಹಿಂಪಡೆಯಿರಿ. ಬಂದ ಪೊಟ್ಟಣವನ್ನು ತೆರೆಯುವಾಗಲೂ ಚಿತ್ರೀಕರಿಸಿ, ರನ್‌ಔಟ್ ನೋಡಿ ಅದೇ ಪ್ರತಿಯೇ ಎಂದು ಖಚಿತಪಡಿಸಿಕೊಂಡ ಮೇಲೆ ಹಣ ಹಿಂದಿರುಗಿಸಿ.

ತಿಂಗಳುಗಟ್ಟಲೆ ಯಾರೂ ವಿಚಾರಿಸದಿದ್ದರೆ ಮೊದಲು ಇಳಿಸಬೇಕಾದದ್ದು ಬೆಲೆಯನ್ನಲ್ಲ. ಶೀರ್ಷಿಕೆಯನ್ನು ಮತ್ತೆ ಓದಿ: ಹುಡುಕುವವರು ಬಳಸುವ ಶೈಲಿಯ ಹೆಸರು, ಹೆಸರಾಂತ ವಾದ್ಯಗಾರರು ಯಾರಾದರೂ ನುಡಿಸಿದ್ದರೆ ಅವರ ಹೆಸರು ಅದರಲ್ಲಿದೆಯೇ? ಆ ಶೈಲಿಯನ್ನು ಆಳವಾಗಿ ಬಲ್ಲ ಇಬ್ಬರು ಮೂವರು ವ್ಯಾಪಾರಿಗಳಿಗೆ ಚಿತ್ರ ಕಳಿಸಿ ಅಭಿಪ್ರಾಯ ಕೇಳಿ. ಇದಾದ ಮೇಲೂ ಕದಲದಿದ್ದರೆ ಹತ್ತರಲ್ಲಿ ಒಂದು ಭಾಗದಂತೆ, ನಡುವೆ ಒಂದೆರಡು ತಿಂಗಳು ಬಿಟ್ಟು ಬೆಲೆ ಇಳಿಸಿ. ಕಾಯುವ ಕಾಲದಲ್ಲಿ ರೆಕಾರ್ಡನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲು ಮತ್ತು ಶಾಖದಿಂದ ದೂರ ಇಡಿ. ಒಂದರ ಮೇಲೊಂದು ಮಲಗಿಸಿ ಪೇರಿಸಿದರೆ ನೀವು ಬರೆದ ದರ್ಜೆ ಮಾರುವಷ್ಟರಲ್ಲಿ ಸುಳ್ಳಾಗಬಹುದು. ಬಹಳ ದಿನ ಇಟ್ಟಿದ್ದ ರೆಕಾರ್ಡನ್ನು ಕಳಿಸುವ ಮುನ್ನ ದೀಪದ ಕೆಳಗೆ ಇನ್ನೊಮ್ಮೆ ತಿರುಗಿಸಿ ನೋಡಿ, ಏನಾದರೂ ಬದಲಾಗಿದ್ದರೆ ಕೊಳ್ಳುವವರಿಗೆ ಮೊದಲೇ ತಿಳಿಸಿ.